ಕತ್ತರಿಸಿದ ‘ಅಂತ’

ನಾದಿನಿಯ ಬಲಗೈಯ ನಾಲ್ಕು ಬೆರಳುಗಳು ದಿನಕ್ಕಿಷ್ಟು ದಿನಕ್ಕಿಷ್ಟು ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಸುಟ್ಟ ಚರ್ಮ ಮಾಯುತ್ತಾ ಬಿಗಿಯಾಗಿ ಬೆರಳುಗಳನ್ನು ಅಂಗೈ ಕಡೆಗೆ ಎಳೆಯುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅತ್ತಿಗೆ ಆ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ಸವರಿ, ಒಂದೊಂದೇ ಬೆರಳನ್ನು ಬಿಡಿಸಲು ನೋಡುತ್ತಿದ್ದಳು. ನಾದಿನಿ ಗೋಡೆಯ ಕಡೆ ಮುಖ ತಿರುಗಿಸಿ, ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದಳು. ಆಮೇಲೆ ಅವಳ ಅಂಗಿಯ ಗುಂಡಿ ಹಾಕಬೇಕು, ತಲೆ ಬಾಚಬೇಕು, ತಟ್ಟೆಯಲ್ಲಿದ್ದದ್ದನ್ನು ಎಡಗೈಗೆ ಸಿಗುವ ಹಾಗೆ ಸಣ್ಣಗೆ ಮುರಿದಿಡಬೇಕು. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಅತ್ತಿಗೆಗೆ ಬಸ್ಸು ತಪ್ಪುವ ಹೊತ್ತಾಗಿರುತ್ತಿತ್ತು.

“ಇನ್ನು ಎರಡು ತಿಂಗಳೊಳಗೆ ಆಪರೇಷನ್ ಆಗ್ಬೇಕಮ್ಮ,” ಎಂದಿದ್ದರು ಡಾಕ್ಟರು. “ಈ ಚರ್ಮ ಬಿಡಿಸಿ ಬೇರೆ ಚರ್ಮ ಹಚ್ಚಬೇಕು. ತಡ ಮಾಡಿದ್ರೆ ಬೆರಳು ಹೀಗೇ ಗಟ್ಟಿಯಾಗಿ ಕೂತ್ಬಿಡ್ತವೆ. ಕೆಲಸದಲ್ಲಿ ಆದ ಗಾಯ ಅಲ್ವಾ, ಕಂಪನಿಯವರೇ ಮಾಡಿಸ್ತಾರೆ. ಅವರ ಹತ್ರ ಒಂದು ಕಾಗದ ತನ್ನಿ, ಸಾಕು.”

ಆ ಒಂದು ಕಾಗದಕ್ಕಾಗಿಯೇ ಈ ಕತೆಯೆಲ್ಲ ನಡೆದದ್ದು.

ಏಳು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಮಡಚಿ ಕಳಿಸುವ ಕಾರ್ಖಾನೆ ಅದು. ನಲವತ್ತು ಜನ ಕೆಲಸದವರು. ಒಳಗೆ ಕಾಲಿಟ್ಟರೆ ಸಾಕು, ಉಗಿ ಮುಖಕ್ಕೆ ಬಡಿಯುತ್ತದೆ. ಸೋಪು, ಘಾಟು ಔಷಧಿ, ಯಾರು ಯಾರದೋ ಕಾಯಿಲೆಯ ವಾಸನೆ ಎಲ್ಲ ಸೇರಿ ಮೂಗಿನೊಳಗೇ ಮನೆ ಮಾಡುತ್ತವೆ. ಅತ್ತಿಗೆ ಅಲ್ಲಿ ಹದಿನಾಲ್ಕು ವರ್ಷದಿಂದ ರೋಲರ್ ಮುಂದೆ ನಿಂತವಳು. ಮೂರು ವರ್ಷದ ಹಿಂದೆ ಗಂಡನ ತಂಗಿಯನ್ನೂ ಕರೆತಂದು ಪಕ್ಕದಲ್ಲೇ ನಿಲ್ಲಿಸಿಕೊಂಡಳು. ಆ ಗದ್ದಲದಲ್ಲಿ ನಾದಿನಿ ದಿನಕ್ಕೆ ನೂರು ಸಲ “ಅತ್ತಿಗೇ!” ಎಂದು ಕೂಗುವುದನ್ನು ಕೇಳಿ ಕೇಳಿ, ಅವಳಿಗಿಂತ ದೊಡ್ಡ ವಯಸ್ಸಿನ ಗಂಡಸರೂ ಅವಳನ್ನು ಅತ್ತಿಗೆ ಎನ್ನತೊಡಗಿದ್ದರು. ಅಷ್ಟು ಜನ ಮೈದುನಂದಿರನ್ನು ಕಟ್ಟಿಕೊಂಡು ಅವಳೂ ನಗುನಗುತ್ತಾ ಇದ್ದಳು, ಆ ದಿನದವರೆಗೆ.

ರೋಲರ್ ಎಂದರೆ ಎರಡಾಳು ಉದ್ದದ ಕಬ್ಬಿಣದ ಉರುಳೆ. ಮುಟ್ಟಿದರೆ ಚರ್ಮ ಅಲ್ಲೇ ಅಂಟಿಕೊಳ್ಳುವಷ್ಟು ಬಿಸಿ. ಒದ್ದೆ ಹಾಸಿಗೆ ಬಟ್ಟೆಯ ಎರಡು ಮೂಲೆ ಹಿಡಿದು ಈ ಕಡೆಯಿಂದ ಬಾಯಿಗೆ ಕೊಟ್ಟರೆ, ಆ ಕಡೆ ಗರಿಗರಿಯಾಗಿ ಹೊರಗೆ ಬರುತ್ತದೆ. ಬಾಯಿಯ ಮುಂದೆ ಅಡ್ಡಕ್ಕೆ ಒಂದು ಕಂಬಿ. ಬಟ್ಟೆಯ ಜೊತೆ ಕೈಯೂ ಒಳಗೆ ಹೋಗುತ್ತಿದ್ದರೆ ಆ ಕಂಬಿಗೆ ತಗಲುತ್ತದೆ, ಕಂಬಿ ಒಳಕ್ಕೆ ಸರಿಯುತ್ತದೆ, ರೋಲರ್ ನಿಲ್ಲುತ್ತದೆ. ಮಾಡಿದವನು ಪುಣ್ಯಾತ್ಮ. ಆದರೆ ಬಟ್ಟೆಯ ದಪ್ಪ ಅಂಚು ತಗಲಿದರೂ ಕಂಬಿ ಸರಿಯುತ್ತಿತ್ತು, ರೋಲರ್ ನಿಲ್ಲುತ್ತಿತ್ತು, ಮತ್ತೆ ಓಡಿಸಲು ಐದಾರು ನಿಮಿಷ ಬೇಕಾಗುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ನಿಂತರೆ ಲಾರಿ ಕಾಯುತ್ತದೆ, ಲಾರಿ ಕಾದರೆ ಮ್ಯಾನೇಜರು ಗಾಜಿನ ಕೋಣೆಯಿಂದ ಕೆಳಗೆ ಇಣುಕುತ್ತಾರೆ. ಒಂದು ದಿನ ಮೇಸ್ತ್ರಿ ಒಂದು ತಂತಿ ತಂದ. ಕಂಬಿ ಅಲುಗಾಡದ ಹಾಗೆ ಬಿಗಿದ. ಮೇಲೆ ಬಿಳಿ ಪಟ್ಟಿ ಸುತ್ತಿದ. ಆ ತಿಂಗಳು ಲಾರಿಗಳು ಹೊತ್ತಿಗೆ ಸರಿಯಾಗಿ ಹೊರಟವು. ಮ್ಯಾನೇಜರು ಮೇಸ್ತ್ರಿಯ ಬೆನ್ನು ತಟ್ಟಿ ಶಹಬಾಸ್ ಎಂದರು, ಹೇಗಾಯಿತು ಎಂದು ಕೇಳುವ ಗೋಜಿಗೆ ಹೋಗಲಿಲ್ಲ.

ಕಂಪನಿಯವರು ಕೆಲಸದವರ ಬಗ್ಗೆ ಕಾಳಜಿ ಇಲ್ಲದವರು ಎಂದು ಮಾತ್ರ ಯಾರೂ ಹೇಳುವ ಹಾಗಿರಲಿಲ್ಲ. ಊಟದ ಕೋಣೆಯ ಗೋಡೆಗೆ ದೊಡ್ಡ ಟಿವಿ ಹಾಕಿಸಿದ್ದರು. ದಿನಾ ಕೆಲಸಕ್ಕೆ ಮುಂಚೆ ಹತ್ತು ನಿಮಿಷ ಅದರಲ್ಲಿ ಪಾಠ. ಬಣ್ಣದ ಚಿತ್ರ, ಚಿತ್ರಕ್ಕೆ ತಕ್ಕ ಮಾತು. ‘ತಡೆಕಂಬಿ ನಿಮ್ಮ ಗೆಳೆಯ’ ಎಂಬ ಪಾಠ ಬಂದಾಗ, ನಗುಮುಖದ ಗೊಂಬೆಯೊಂದು ಕಂಬಿ ಮುಟ್ಟುತ್ತಿತ್ತು, ರೋಲರ್ ಟಕ್ಕೆಂದು ನಿಲ್ಲುತ್ತಿತ್ತು, ಕಂಬಿಯ ಮೇಲೆ ಕೆಂಪು ಬಾಣವೊಂದು ಮಿಣಮಿಣ ಮಿನುಗುತ್ತಿತ್ತು. ಮೇಸ್ತ್ರಿಗೆ ಆ ಬಾಣ ಎಷ್ಟು ಹಿಡಿಸಿತೆಂದರೆ, ಅಂಥದೇ ಕೆಂಪು ಕಾಗದದ ಬಾಣ ಕತ್ತರಿಸಿ ನಿಜವಾದ ಕಂಬಿಯ ಮೇಲೂ ಅಂಟಿಸಿದ. ತಂತಿಯ ಮೇಲೆ ಬಿಳಿ ಪಟ್ಟಿ, ಪಟ್ಟಿಯ ಮೇಲೆ ಬಾಣ.

ಪಾಠ ಮುಗಿದ ಮೇಲೆ ಒಬ್ಬೊಬ್ಬರೇ ಹೋಗಿ, ಬಾಗಿಲ ಬಳಿಯ ಡಬ್ಬಿಗೆ ತಮ್ಮ ಕಾರ್ಡು ತಾಗಿಸಿ ಗುಂಡಿ ಒತ್ತಬೇಕು. ಹಸಿರು ಎಂದರೆ ‘ಅರ್ಥವಾಯಿತು’. ಕೆಂಪು ಎಂದರೆ ‘ಅರ್ಥವಾಗಲಿಲ್ಲ’. ಒಬ್ಬರು ಕೆಂಪು ಒತ್ತಿದರೂ ಪಾಠ ಎಲ್ಲರಿಗೂ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ನಲವತ್ತೂ ಹಸಿರಾಗುವವರೆಗೆ ಯಾರ ಹಾಜರಿಯೂ ಬೀಳುವುದಿಲ್ಲ. ಎಂಟು ತಿಂಗಳಲ್ಲಿ ಒಬ್ಬರೂ ಕೆಂಪು ಒತ್ತಿರಲಿಲ್ಲ. ಮೇಸ್ತ್ರಿ ಡಬ್ಬಿಯ ಪಕ್ಕದಲ್ಲೇ ನಿಂತು “ಹಸಿರು, ಹಸಿರು, ಬೇಗ ಬೇಗ” ಎನ್ನುತ್ತಿದ್ದ. ಕಲಿಕೆ ಚೆನ್ನಾಗಿ ನಡೆಯುತ್ತಿದೆ ಎಂದು ಹೆಡ್ ಆಫೀಸಿನಿಂದ ಮ್ಯಾನೇಜರಿಗೆ ಅಭಿನಂದನೆ ಬಂದಿತ್ತು.

ನಾದಿನಿಯ ಕೈ ಒಳಗೆ ಹೋದಾಗ ಅತ್ತಿಗೆ ಒಂದು ಮೊಳ ದೂರದಲ್ಲಿದ್ದಳು. ಹುಡುಗಿ ಎಡಗೈಯಿಂದ ಕಂಬಿಯನ್ನು ಒತ್ತಿದ್ದು, ಗುದ್ದಿದ್ದು, ಹಿಡಿದು ಜಗ್ಗಾಡಿದ್ದು ಎಲ್ಲ ಕಣ್ಣಾರೆ ಕಂಡಳು. ಮೇನ್ ಸ್ವಿಚ್ಚಿಗೆ ಓಡಿ ಎಳೆಯುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಅಂದಿನಿಂದ ನಾದಿನಿ ಆ ವಿಷಯವಾಗಿ ತುಟಿ ಪಿಟಕ್ಕೆಂದಿರಲಿಲ್ಲ.

ಮೇಸ್ತ್ರಿ ಅಂದೇ ತಂತಿ ಬಿಚ್ಚಿದ. ಹೆಡ್ ಆಫೀಸಿನವರು ಬಂದರು, ಫೋಟೋ ತೆಗೆದರು, ಹೋದರು. ಮೇಸ್ತ್ರಿ ಮತ್ತೆ ತಂತಿ ಕಟ್ಟಿದ. ಹದಿನೈದು ದಿನಕ್ಕೆ ವರದಿ ಬಂತು: ಯಂತ್ರದಲ್ಲಿ ದೋಷವಿಲ್ಲ, ಸದರಿ ಕಾರ್ಮಿಕರು ತಡೆಕಂಬಿಯನ್ನು ಮುಟ್ಟಿರುವುದಿಲ್ಲ, ಪಾಠವನ್ನು ನೂರ ಎಂಬತ್ತಾರು ಸಲ ನೋಡಿ ನೂರ ಎಂಬತ್ತಾರು ಸಲವೂ ಅರ್ಥವಾಯಿತೆಂದು ಒತ್ತಿರುತ್ತಾರೆ, ಆದ್ದರಿಂದ ಇದು ತಿಳಿದೂ ಮಾಡಿದ ಅಜಾಗರೂಕತೆ.

ಅತ್ತಿಗೆ ಗಾಜಿನ ಕೋಣೆಗೆ ಹೋದಳು.

“ಸಾರ್, ಅವಳು ಕಂಬಿ ಮುಟ್ಟಿದ್ಲು. ನಾನೇ ನೋಡಿದೀನಿ.”

“ನೀನು ಅವಳಿಗೇನಾಗ್ಬೇಕು?”

“ಅತ್ತಿಗೆ.”

“ಅಲ್ಲೇ ಬಂತು ನೋಡು. ಸಂಬಂಧಿಕರ ಸಾಕ್ಷಿ ನಡೆಯಲ್ಲಮ್ಮ.”

ಮ್ಯಾನೇಜರು ಕೆಟ್ಟ ಮನುಷ್ಯ ಅಂತೇನಲ್ಲ. ಎರಡು ವರ್ಷದ ಹಿಂದೆ ಬಂದವರು. ಅದಕ್ಕೆ ಮುಂಚೆ ಎಲ್ಲೋ ಬಿಸ್ಕತ್ತು ಮಾರಿಸುತ್ತಿದ್ದರಂತೆ. ಒದ್ದೆ ಬಟ್ಟೆ ಹೇಗಿರುತ್ತದೆಂದು ಮುಟ್ಟಿ ನೋಡಿದವರಲ್ಲ. ರೋಲರ್ ಹೇಗೆ ಓಡುತ್ತದೆ, ಹೇಗೆ ನಿಲ್ಲುತ್ತದೆ ಎಂಬುದನ್ನೆಲ್ಲ ಅವರು ಕಲಿತದ್ದು ಊಟದ ಕೋಣೆಯ ಟಿವಿಯಿಂದ. ಕೆಲಸದವರು ಪಾಠದ ಹೊತ್ತಿನಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಹೊಡೆಯುತ್ತಿದ್ದರೆ, ಇವರು ಹಿಂದೆ ಕೈಕಟ್ಟಿ ನಿಂತು ಪಾಠದ ಜೊತೆಗೇ ತುಟಿ ಆಡಿಸುತ್ತಿದ್ದರು. ಇಡೀ ಕಾರ್ಖಾನೆಯಲ್ಲಿ ಆ ಪಾಠವನ್ನು ಮನಸಾರೆ ನಂಬಿದ್ದವರು ಅವರೊಬ್ಬರೇ.

ಹೀಗಿರುವಾಗ ಚಿತ್ರದ ಮೇಷ್ಟ್ರು ಬಂದರು. ಪಾಠಗಳನ್ನು ತಯಾರಿಸುವವರು ಅವರೇ. ಸಣಕಲು ಮನುಷ್ಯ, ದಪ್ಪ ಕನ್ನಡಕ, ಬೆನ್ನಿಗೊಂದು ಚೀಲ, ಮಾತಿಗೆ ಮೊದಲೇ ನಗು. ನಡೆದ ಅಪಘಾತದ ಮೇಲೆ ಹೊಸ ಪಾಠ ಮಾಡಬೇಕೆಂದು ಹೆಡ್ ಆಫೀಸು ಅವರನ್ನು ಕಳಿಸಿತ್ತು.

“ಈ ಸಲ ಮಿಷನ್ ದನಿ ಬೇಡ,” ಎಂದರು ಮೇಷ್ಟ್ರು. “ಗೊತ್ತಿರೋರ ದನೀಲಿ ಹೇಳಿದ್ರೆ ಮನಸ್ಸಿಗೆ ನಾಟುತ್ತೆ. ಕಣ್ಣಾರೆ ಕಂಡೋರು ಯಾರಿದ್ದಾರೆ?”

ಎಲ್ಲರೂ ಅತ್ತಿಗೆಯ ಕಡೆ ತಿರುಗಿದರು.

ಕಾರ್ಖಾನೆಯಲ್ಲಿ ಗದ್ದಲವಿಲ್ಲದ ಜಾಗವೆಂದರೆ ಮಡಚಿದ ಬಟ್ಟೆಯ ಕೋಣೆಯೊಂದೇ. ನಾಲ್ಕೂ ಗೋಡೆಗೆ ಬಿಳಿ ಬಟ್ಟೆಯ ಅಟ್ಟಿ. ಮಾತಾಡಿದರೆ ದನಿಯನ್ನು ಬಟ್ಟೆಗಳೇ ನುಂಗಿಬಿಡುತ್ತವೆ. ಮೇಷ್ಟ್ರಿಗೆ ಆ ಕೋಣೆ ಕಂಡು ಖುಷಿಯೋ ಖುಷಿ. ಸ್ಟೂಲಿನ ಮೇಲೆ ಅತ್ತಿಗೆಯನ್ನು ಕೂರಿಸಿ, ಅವಳ ಕೊರಳಪಟ್ಟಿಗೆ ಸಣ್ಣ ಮೈಕು ಸಿಕ್ಕಿಸಿದರು.

“ಗಾಬರಿ ಆಗ್ಬೇಡಿ ಅಕ್ಕ. ಮನೇಲಿ ಮಾತಾಡೋ ಹಾಗೇ ಮಾತಾಡಿ. ತಪ್ಪಾದ್ರೆ ನಾನು ಸರಿ ಮಾಡ್ಕೋತೀನಿ.”

“ಹೇಗೆ ಸರಿ ಮಾಡ್ತೀರಾ?”

“ಕತ್ತರಿಸ್ತೀನಿ,” ಎಂದು ಮೇಷ್ಟ್ರು ಎರಡು ಬೆರಳನ್ನು ಕತ್ತರಿಯ ಹಾಗೆ ಆಡಿಸಿದರು. “ಇದೂ ಒಂದು ವಿದ್ಯೆ ಅಕ್ಕ. ಮನುಷ್ಯನ ತಲೆಗೆ ಒಂದು ಸಲಕ್ಕೆ ಹಿಡಿಸೋದು ಸ್ವಲ್ಪವೇ. ಜಾಸ್ತಿ ತುರುಕಿದ್ರೆ ಯಾವುದೂ ಉಳಿಯಲ್ಲ. ಚಿತ್ರ ಇದ್ರೆ ಅದಕ್ಕೆ ಬೇಕಾದಷ್ಟೇ ಮಾತು. ಪಾಠಕ್ಕೆ ಬೇಡದ್ದು ಎಷ್ಟು ಚೆನ್ನಾಗಿದ್ರೂ ತೆಗೆದು ಹಾಕ್ಬೇಕು. ನಮ್ಮಲ್ಲಿ ಅದೇ ಮೊದಲನೇ ನಿಯಮ.”

ಅತ್ತಿಗೆಗೆ ಮನುಷ್ಯ ಹಿಡಿಸಿದ. ಹದಿನಾಲ್ಕು ವರ್ಷದಲ್ಲಿ ಮೇಲಿನವರೊಬ್ಬರು ಅವಳ ಎದುರು ಕೂತು “ಏನಾಯ್ತು ಹೇಳಿ” ಎಂದದ್ದು ಅದೇ ಮೊದಲು. ಅವಳು ಒಂದಕ್ಷರ ಮುಚ್ಚಿಡಲಿಲ್ಲ. ಮೇಷ್ಟ್ರು ಕಣ್ಣರಳಿಸಿ ಕೇಳಿದರು, ನಡುನಡುವೆ ಅಯ್ಯೋ ಅಂದರು, ಒಂದು ಸಲ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

ಅವಳು ಹೇಳಿದ್ದು ಇದು:

“ಕಂಬಿ ಮುಟ್ಟಿದ್ರೆ ರೋಲರ್ ನಿಲ್ಲುತ್ತೆ ಅಂತ ಪಾಠದಲ್ಲಿ ಹೇಳ್ತಾರೆ, ನಮ್ಮಲ್ಲಿ ಮೇಸ್ತ್ರಿ ತಂತಿ ಕಟ್ಟಿದಾನೆ, ಎಲ್ಲಿ ನಿಲ್ಲುತ್ತೆ? ಅವಳು ಕಂಬಿ ಮುಟ್ಟಲಿಲ್ಲ ಅಂತ ಬರ್ಕೊಂಡು ಹೋದ್ರಲ್ಲ, ಅದು ಹಸೀ ಸುಳ್ಳು. ಮುಟ್ಟಿದ್ಲು, ಒತ್ತಿದ್ಲು, ಜಗ್ಗಾಡಿದ್ಲು, ಈ ಕಣ್ಣಲ್ಲಿ ನೋಡ್ದೆ. ಗಮನ ಇಟ್ಟು ಕೆಲಸ ಮಾಡ್ಬೇಕಿತ್ತು ಅಂತ ಈಗ ನಮಗೇ ಬುದ್ಧಿ ಹೇಳ್ತಾರೆ.”

ಅಂದು ಮನೆಗೆ ಹೋದವಳು ಚಪ್ಪಲಿ ಬಿಡುವುದಕ್ಕೂ ಮುಂಚೆ ಕೂಗಿದಳು: “ಎಲ್ಲಾ ಹೇಳ್ಬಿಟ್ಟೆ ಕಣೇ! ತಂತಿ ವಿಷಯ, ಮೇಸ್ತ್ರಿ ವಿಷಯ, ಒಂದೂ ಬಿಡ್ಲಿಲ್ಲ. ಇನ್ನು ಹೆಡ್ ಆಫೀಸಲ್ಲಿ ಎಲ್ಲರೂ ಕೇಳಿಸ್ಕೋತಾರೆ. ನಿನ್ನ ಕೈಗೆ ಒಂದು ದಾರಿ ಆಯ್ತು.”

ನಾದಿನಿ ಬಹಳ ದಿನಗಳ ಮೇಲೆ ನಕ್ಕಳು. “ನಿಮ್ಮ ಬಾಯಿಗೆ ಮೈಕು ಬೇರೆ ಕೊಟ್ರಾ? ಪಾಪ, ಮೇಷ್ಟ್ರು,” ಎಂದಳು. ಅತ್ತಿಗೆಯೂ ನಕ್ಕು ಅವಳ ತಲೆಗೊಂದು ಮೊಟಕಿದಳು.

ಹನ್ನೆರಡು ದಿನ ಕಳೆಯಿತು. ನಾದಿನಿಗೆ ಕಾರ್ಖಾನೆಯಿಂದ ಕರೆ ಬಂತು: ನಾಳೆ ಬೆಳಿಗ್ಗೆ ಬಂದು ಒಂದು ಕಾಗದಕ್ಕೆ ಸಹಿ ಹಾಕಿ ಹೋಗಬೇಕು. ಕಾಗದ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅತ್ತಿಗೆಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾದಿನಿಗೆ ಒಳ್ಳೆಯ ಅಂಗಿ ಹಾಕಿಸಿ, ಕೈಗೆ ಹೊಸ ಪಟ್ಟಿ ಸುತ್ತಿ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿ ಕರೆತಂದಳು. ಎಡಗೈಯಲ್ಲಿ ಸಹಿ ಮಾಡಿದರೆ ನಡೆಯುತ್ತದೋ ಇಲ್ಲವೋ ಎಂಬುದೊಂದೇ ದಾರಿಯುದ್ದಕ್ಕೂ ಅವರಿಬ್ಬರ ಚಿಂತೆ.

ಊಟದ ಕೋಣೆಯಲ್ಲಿ ಎಲ್ಲರೂ ಬೆಂಚಿನ ಮೇಲೆ ಕೂತಿದ್ದರು. ಮ್ಯಾನೇಜರು ಹೊಸ ಅಂಗಿ ಹಾಕಿದ್ದರು. ಮೇಷ್ಟ್ರು ಟಿವಿಯ ಪಕ್ಕದಲ್ಲಿ ಮದುವೆಯ ಗಂಡಿನ ಹಾಗೆ ನಾಚಿಕೊಂಡು ನಿಂತಿದ್ದರು. ಮೇಸ್ತ್ರಿ ಡಬ್ಬಿಯ ಪಕ್ಕದಲ್ಲಿ.

“ಇವತ್ತು ಹೊಸ ಪಾಠ,” ಎಂದರು ಮ್ಯಾನೇಜರು. “ನಮ್ಮವರೇ ಒಬ್ಬರು ಧೈರ್ಯವಾಗಿ ಹೇಳಿರೋದು. ನೀವೆಲ್ಲ ನೋಡಿ ಹಸಿರು ಒತ್ತಿದ ಮೇಲೆ ಇದೇ ಸಾಕ್ಷಿ ಅಂತ ಫೈಲಿಗೆ ಸೇರುತ್ತೆ. ಆ ಹುಡುಗಿ ಸಹಿ ಹಾಕಿದ್ರೆ ಇಲ್ಲಿಗೆ ಮುಗೀತು. ಎಲ್ಲರೂ ನೆಮ್ಮದಿಯಾಗಿ ಕೆಲಸ ಮಾಡ್ಕೊಂಡು ಹೋಗೋಣ.”

ಪಾಠ ಶುರುವಾಯಿತು. ರೋಲರ್ ಚಿತ್ರ. ಕೆಂಪು ಬಾಣ. ಆಮೇಲೆ ಅತ್ತಿಗೆಯ ದನಿ. ಮೊದಲು ಅವಳಿಗೆ ತನ್ನ ದನಿಯೇ ಗುರುತು ಸಿಗಲಿಲ್ಲ. ಪಕ್ಕದವಳು ಮೊಣಕೈಯಲ್ಲಿ ತಿವಿದ ಮೇಲೆ ನಾಚಿಕೆಯಿಂದ ತಲೆ ತಗ್ಗಿಸಿದಳು.

“ಕಂಬಿ ಮುಟ್ಟಿದ್ರೆ ರೋಲರ್ ನಿಲ್ಲುತ್ತೆ,” ಎಂದಳು ಟಿವಿಯೊಳಗಿನ ಅತ್ತಿಗೆ. ಗೊಂಬೆ ಕಂಬಿ ಮುಟ್ಟಿತು, ರೋಲರ್ ನಿಂತಿತು. “ಅವಳು ಕಂಬಿ ಮುಟ್ಟಲಿಲ್ಲ.” ಇನ್ನೊಂದು ಗೊಂಬೆ ಎಲ್ಲೋ ನೋಡುತ್ತಾ ಬಟ್ಟೆ ಕೊಟ್ಟಿತು, ಕೈ ಒಳಗೆ ಹೋಯಿತು. “ಗಮನ ಇಟ್ಟು ಕೆಲಸ ಮಾಡ್ಬೇಕಿತ್ತು.” ಪಾಠ ಮುಗಿಯಿತು. ಮೊದಲು ಹತ್ತು ನಿಮಿಷವಿದ್ದದ್ದು ಈಗ ಎರಡೇ ನಿಮಿಷ. ಚೊಕ್ಕ ಕೆಲಸ. ಅವಳು ಆಡದ ಒಂದು ಮಾತೂ ಅದರಲ್ಲಿ ಇರಲಿಲ್ಲ. ‘ಅಂತ’ ಎಂಬುದು ಬಂದಲ್ಲೆಲ್ಲ, ಅದರಿಂದ ಹಿಡಿದು ಮುಂದಿನದ್ದನ್ನೆಲ್ಲ ಮೇಷ್ಟ್ರು ಕತ್ತರಿಸಿದ್ದರು, ಅಷ್ಟೇ. ಬೇರೆಯವರ ಸುಳ್ಳನ್ನು ಅವಳು ಎತ್ತಿ ಆಡಿದ್ದು ಈಗ ಅವಳದೇ ಮಾತಾಗಿ ಕೂತಿತ್ತು.

ಅತ್ತಿಗೆ ಬಾಗಿಲ ಕಡೆ ನೋಡಿದಳು. ನಾದಿನಿ ಕೈಪಟ್ಟಿಯನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಕಣ್ಣು ಟಿವಿಯ ಮೇಲಿರಲಿಲ್ಲ, ಅತ್ತಿಗೆಯ ಮೇಲಿತ್ತು. ಸಿಟ್ಟಾದರೂ ಇದ್ದಿದ್ದರೆ ಅತ್ತಿಗೆ ತಡೆದುಕೊಳ್ಳುತ್ತಿದ್ದಳು. ಹುಡುಗಿ ನಂಬಿಬಿಟ್ಟಿದ್ದಳು. ಆ ಮುಖ ನೋಡಿ ಅತ್ತಿಗೆಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ನಾನು ಹೀಗೆ ಹೇಳಿಲ್ಲ ಕಣೇ!” ಎಂದು ಎದ್ದು ನಿಂತಳು. “ಮೇಷ್ಟ್ರೇ, ಏನಿದು? ಮಿಕ್ಕ ಮಾತು ಎಲ್ಲಿ?”

“ಎಷ್ಟು ಚೆನ್ನಾಗಿ ಬಂದಿದೆ ಅಲ್ವಾ ಅಕ್ಕ?” ಎಂದರು ಮೇಷ್ಟ್ರು. ಪಾಪ, ಅವರಿಗೆ ನಿಜವಾಗಿಯೂ ಖುಷಿ. “ನೀವು ಹೇಳಿದ್ದು ನಾಲ್ಕು ವಿಷಯ. ತಂತಿ ವಿಷಯ ತಂದ್ರೆ ನೋಡೋರಿಗೆ ಗೊಂದಲ ಆಗುತ್ತೆ. ಕಲಿಯೋದಕ್ಕೆ ಒಂದೇ ವಿಷಯ ಇರ್ಬೇಕು. ಮ್ಯಾನೇಜರ್ ಸಾರ್ ಕೂಡ ಪೂರ್ತಿ ಕೇಳದೇನೇ, ಪಾಠಕ್ಕೆ ಬೇಡದ್ದು ತೆಗೀರಿ ಅಂದ್ರು.”

“ನನ್ನ ನಾಲಿಗೆ ಕಿತ್ಕೊಂಡು ಅವಳ ಕುತ್ತಿಗೆ ಕುಯ್ದಿದೀರಲ್ಲ ಸ್ವಾಮಿ!”

“ಸಾಕು, ಸಾಕು,” ಮ್ಯಾನೇಜರು ನಡುವೆ ಬಂದರು. “ನಿನ್ನ ದನಿ ತಾನೇ ಇದು? ನಿನ್ನ ಮಾತು ತಾನೇ? ಸ್ವಂತ ಅತ್ತಿಗೆಯೇ ಒಪ್ಪಿದ ಮೇಲೆ ಇನ್ನೇನು ಬೇಕು?”

“ಅವತ್ತು ಸಂಬಂಧಿಕರ ಸಾಕ್ಷಿ ನಡೆಯಲ್ಲ ಅಂದ್ರಿ.”

“ಅದು ಬೇರೆ, ಇದು ಬೇರೆ. ಮೇಸ್ತ್ರಿ, ಸಾಲು ಹಿಡಿಸು.”

ಸಾಲು ಹಿಡಿದರು. ಏನು ಮಾಡಿಯಾರು? ಮುಖ ಗಂಟಿಕ್ಕಿಕೊಂಡೇ ಒಬ್ಬೊಬ್ಬರೂ ಹಸಿರು ಒತ್ತಿದರು. ಮ್ಯಾನೇಜರ ಕೈಯಲ್ಲಿ ನಾದಿನಿಯ ಕಾಗದವಿತ್ತು. ಅದರಲ್ಲಿ ಆಪರೇಷನ್ನಿನ ಮಾತೇ ಇರಲಿಲ್ಲ. ತಪ್ಪು ನನ್ನದು, ಕೆಲಸ ಬಿಡುತ್ತಿದ್ದೇನೆ, ಇನ್ನು ಏನನ್ನೂ ಕೇಳುವುದಿಲ್ಲ ಎಂದಿತ್ತು. ಅತ್ತಿಗೆ ಹತ್ತಿರ ಹೋಗಿ ಓದಿಕೊಂಡಳು. ಮೂವತ್ತೊಂಬತ್ತು ಹಸಿರಾಗಿತ್ತು. ಅವಳದೊಂದೇ ಬಾಕಿ.

ಅವಳು ಕಾರ್ಡು ತಾಗಿಸಿದಳು. ಕೆಂಪು ಒತ್ತಿದಳು.

ಡಬ್ಬಿ ಒಂಥರಾ ಕೀರಲು ಸದ್ದು ಮಾಡಿತು. ಅದರ ಸದ್ದು ಹಾಗಿರುತ್ತದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಟಿವಿಯಲ್ಲಿ ಪಾಠ ಮತ್ತೆ ಮೊದಲಾಯಿತು.

“ಏಯ್, ಏನ್ ಮಾಡ್ದೆ?” ಎಂದ ಮೇಸ್ತ್ರಿ.

“ಅರ್ಥ ಆಗ್ಲಿಲ್ಲ ಮೇಸ್ತ್ರಿ.”

“ನಿಂದೇ ಮಾತು, ನಿಂಗೇ ಅರ್ಥ ಆಗ್ಲಿಲ್ವಾ?”

“ಅದೇ ನನಗೂ ಆಶ್ಚರ್ಯ ನೋಡು.”

ಎರಡನೆಯ ಸಲ ಮುಗಿಯಿತು. ಮತ್ತೆ ಸಾಲು. ಸಾಲಿನ ಮೊದಲಲ್ಲಿ ಇದ್ದವಳು ರೇಡಿಯೋ. ಮೈಲಿಗೆ ಬಟ್ಟೆ ವಿಂಗಡಿಸುವ ಹೆಂಗಸು. ಬೆಳಗಿನಿಂದ ಸಂಜೆವರೆಗೆ ಬಾಯಿ ಮುಚ್ಚದ್ದಕ್ಕೆ ಆ ಹೆಸರು. ಬಟ್ಟೆಯ ಗಂಟಿನೊಳಗೆ ಉಳಿದ ಸೂಜಿ ಚುಚ್ಚಿ ಎರಡು ಸಲ ಜ್ವರ ಬಂದು ಮಲಗಿ ಎದ್ದವಳು. ಅವಳು ಕಾರ್ಡು ತಾಗಿಸಿ, ಮೇಸ್ತ್ರಿಯ ಮುಖವನ್ನೇ ನೋಡುತ್ತಾ ಕೆಂಪು ಒತ್ತಿದಳು.

“ನನ್ ತಲೆ ಸ್ವಲ್ಪ ಮಂದ ಮೇಸ್ತ್ರಿ. ನಿಂಗೇ ಗೊತ್ತಲ್ಲ, ದಿನಾ ಬೈತೀಯ.”

ಮೂರನೆಯ ಸಲಕ್ಕೆ ಹನ್ನೊಂದು ಜನರ ತಲೆ ಮಂದವಾಯಿತು. ಐದನೆಯ ಸಲ ನಲವತ್ತೂ ಕೆಂಪು. ಕೆಲವರು ನಗು ತಡೆಯಲಾರದೆ ಅಂಗಿಯ ತೋಳು ಕಚ್ಚಿಕೊಂಡಿದ್ದರು. ಗಂಟು ಹೊರುವ ಮುದುಕನೊಬ್ಬ, “ಆ ಗೊಂಬೆ ಮುಖ ಸರಿಯಾಗಿ ಕಾಣ್ಲಿಲ್ಲ, ಇನ್ನೊಂದ್ ಸಲ ಬಿಡಿ ಸಾರ್,” ಎಂದ. ಅತ್ತಿಗೆ ಮಾತ್ರ ನಗಲಿಲ್ಲ. ಒಂದೊಂದು ಸಲವೂ ತನ್ನದೇ ದನಿ ‘ಅವಳು ಕಂಬಿ ಮುಟ್ಟಲಿಲ್ಲ’ ಎನ್ನುವುದನ್ನು ಅವಳು ಕೇಳಲೇಬೇಕಾಗಿತ್ತು. ಅವಳು ಹೋಗಿ ನಾದಿನಿಯ ಪಕ್ಕ ನಿಂತಳು. ನಾಲ್ಕನೆಯ ಸಲದಲ್ಲೆಲ್ಲೋ ಹುಡುಗಿ ಎಡಗೈಯಿಂದ ಅವಳ ತೋಳು ಹಿಡಿದುಕೊಂಡಿದ್ದಳು.

ಹೊರಗೆ ಲಾರಿಗಳ ಹಾರ್ನು. ಮ್ಯಾನೇಜರ ಫೋನು ಬಿಡದೆ ಹೊಡೆದುಕೊಳ್ಳುತ್ತಿತ್ತು. “ಹತ್ತೇ ನಿಮಿಷ ಸಾರ್… ಇಲ್ಲ ಸಾರ್, ಸ್ಟ್ರೈಕ್ ಅಲ್ಲ ಸಾರ್… ಕಲೀತಿದಾರೆ ಸಾರ್.” ಅವರ ಹೊಸ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಡಬ್ಬಿಯ ಲೆಕ್ಕ ನೇರವಾಗಿ ಹೆಡ್ ಆಫೀಸಿಗೆ ಹೋಗುತ್ತಿದ್ದರಿಂದ ಮೇಸ್ತ್ರಿ ತಾನೇ ಹಸಿರು ಒತ್ತುವ ಹಾಗೂ ಇರಲಿಲ್ಲ.

“ರೋಗಿಗಳು ಬರೀ ಹಾಸಿಗೆ ಮೇಲೆ ಮಲಗಿದಾರೆ! ಕರುಣೆ ಇಲ್ವಾ ನಿಮಗೆ?” ಎಂದು ಕೂಗಿದರು ಮ್ಯಾನೇಜರು.

“ನಾವು ಕೆಲಸ ಮಾಡಲ್ಲ ಅಂದ್ವಾ ಸಾರ್? ಅರ್ಥ ಆಗ್ಲಿ ಅಂತ ಕಾಯ್ತಾ ಇದೀವಿ,” ಎಂದಳು ಅತ್ತಿಗೆ.

“ಏನು ಅರ್ಥ ಆಗ್ಲಿಲ್ಲ? ಒಂದೇ ಮಾತಲ್ಲಿ ಹೇಳು.”

“ಕಂಬಿ ಮುಟ್ಟಿದ್ರೆ ರೋಲರ್ ನಿಲ್ಲುತ್ತೆ ಅನ್ನೋದು.”

ಮ್ಯಾನೇಜರು ಅವಳನ್ನೇ ನೋಡಿದರು. ಆಮೇಲೆ ನಕ್ಕರು. “ಇಷ್ಟೇನಾ! ಇದಕ್ಕೆ ಇಷ್ಟು ರಂಪಾಟವಾ! ಬನ್ನಿ, ನಾನೇ ತೋರಿಸ್ತೀನಿ. ಎಲ್ಲರೂ ಬನ್ನಿ.”

“ತುಂಬ ಒಳ್ಳೇದು ಸಾರ್,” ಎಂದರು ಚಿತ್ರದ ಮೇಷ್ಟ್ರು. “ಪಾಠ ಆದ ಮೇಲೆ ಕೈಯಾರೆ ಮಾಡಿ ತೋರಿಸಿದ್ರೆ ಮರೆಯೋದೇ ಇಲ್ಲ.”

ಮ್ಯಾನೇಜರು ಮುಂದೆ, ನಲವತ್ತು ಜನ ಹಿಂದೆ. ಬಾಯ್ಲರಿನವನು ಮುಂಜಾನೆಯೇ ಬಂದು ಚಾಲೂ ಮಾಡಿದ್ದರಿಂದ ರೋಲರ್ ಕಾದು ಖಾಲಿಯೇ ತಿರುಗುತ್ತಿತ್ತು. ಮ್ಯಾನೇಜರು ನಗುತ್ತಲೇ ಕಂಬಿಯನ್ನು ಒತ್ತಿದರು; ತಂತಿ ಬಿಗಿದ ಕಂಬಿ ಅಲುಗಲಿಲ್ಲ, ರೋಲರ್ ತಿರುಗುತ್ತಲೇ ಇತ್ತು.